ಗೀರೂ ಬೀಳದ ಲ್ಯಾಪ್‌ಟಾಪಿನ ಮೇಲೊಂದು ದೂರು

ಲ್ಯಾಪ್‌ಟಾಪ್‌ಗಳನ್ನು ನಾಲ್ಕಡಿ ಎತ್ತರದಿಂದ ಬೀಳಿಸಿ ಪಾಸು ಮಾಡುವ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ತಮ್ಮ ಪಾದಾರವಿಂದಗಳಿಗೆ, ಅವುಗಳ ಮೇಲೆ ಈವರೆಗೆ ಯಾವ ಲ್ಯಾಪ್‌ಟಾಪೂ ಬಿದ್ದಿಲ್ಲವೆಂಬ ಭರವಸೆಯಿಂದ, ಮನೆಯಲ್ಲೇ ಬಟ್ಟೆ ಹೊಲಿದುಕೊಡುವ ಹೆಂಗಸೊಬ್ಬಳ ನಮಸ್ಕಾರಗಳು.

ತಮ್ಮ ಲ್ಯಾಪ್‌ಟಾಪು ಮೊದಲ ಸಲ ಇಸ್ತ್ರಿ ಮೇಜಿನಿಂದ ಬಿತ್ತು, ಏನೂ ಆಗಲಿಲ್ಲ. ಎರಡನೆಯ ಸಲ ಏಳು ಮೆಟ್ಟಿಲು ಉರುಳಿ ಕೆಳಮನೆಯ ಅಜ್ಜಿಯ ಬಾಗಿಲು ತಟ್ಟಿತು. ಆಗಲೂ ಏನೂ ಆಗಲಿಲ್ಲ. ನಾವು ಬೀಗಿದ್ದೇ ಬೀಗಿದ್ದು! ಹೀಗಾಗಿ, ರೈಲು ನಿಲ್ದಾಣದಲ್ಲಿ ಅನೌನ್ಸರ್ ಆಗಿದ್ದ ನನ್ನ ಗಂಡ ಗಂಟಲಿನ ಆಪರೇಷನ್ನಿಗೆ ಮುಂಚೆ ಮಗಳಿಗೆಂದು ಹನ್ನೊಂದು ಕಥೆ ಓದಿ ಇದರಲ್ಲಿ ರೆಕಾರ್ಡ್ ಮಾಡಿಟ್ಟಾಗ, ಇನ್ನೊಂದು ಕಡೆಯೂ ಕಾಪಿ ಇರಲಿ ಎಂದ ನನ್ನ ತಮ್ಮನನ್ನು ಇಬ್ಬರೂ ಸೇರಿ ಗೇಲಿ ಮಾಡಿದೆವು. "ಇದು ನಮ್ಮನ್ನೆಲ್ಲ ಸಾಗಹಾಕಿಯೇ ಹೋಗೋದು ಕಣೋ" ಎಂದು ನಕ್ಕರು ನನ್ನವರು. ಈಗ ಅವರು ಸ್ಲೇಟಿನ ಮೇಲೆ ಬರೆದು ಮಾತಾಡುತ್ತಾರೆ.

ಮೊನ್ನೆ ಮೂರನೆಯ ಸಲ ಅದು ನನ್ನ ಹೊಲಿಗೆ ಸ್ಟೂಲಿನಿಂದ, ಬರೀ ಒಂದಡಿ ಕೆಳಗೆ, ಚೂರುಬಟ್ಟೆಯ ರಾಶಿಯ ಮೇಲೆ ಮೆತ್ತಗೆ ಬಿತ್ತು. ಅಷ್ಟೇ, ಉಸಿರು ನಿಂತಿತು.

ತಮ್ಮ ಸರ್ವಿಸ್ ಸೆಂಟರಿನ ಮಹಾಶಯರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಬಿದ್ದ ಗುರುತೇ ಇಲ್ವಲ್ಲ ಮೇಡಂ, ಬಿದ್ದಿದೆ ಅಂತ ಹೇಗೆ ಬರ್ಕೊಳ್ಳಲಿ?" ಎಂದರು. ಒಳಗಿನ ಡಿಸ್ಕಿನಿಂದ ಇದ್ದಬದ್ದುದನ್ನು ಹೊರತೆಗೆಯುವ ಸೇವೆ ಬಿದ್ದ ಲ್ಯಾಪ್‌ಟಾಪ್‌ಗಳಿಗೆ ಮಾತ್ರವಂತೆ. ನಮ್ಮದು ಸುಮ್ಮನೆ ಕೆಟ್ಟಿದೆಯಂತೆ. ಬೇಕಾದರೆ ಬದಲಿಗೆ ಹೊಸದನ್ನು ಕೊಡುವರಂತೆ. ಎಂಥ ಔದಾರ್ಯ! ಸಾಕ್ಷಿಯನ್ನೂ ಉಳಿಸದಷ್ಟು ಗಟ್ಟಿಯಾದ ವಸ್ತುವನ್ನು ತಯಾರಿಸಿದ ತಮ್ಮ ಜಾಣ್ಮೆಗೆ ಯಾವ ಬಿರುದು ಕೊಟ್ಟರೂ ಕಡಿಮೆಯೇ.

ಆದ್ದರಿಂದ ತಾವು ಮುಂದಿನ ಮಾಡೆಲ್ಲಿನಲ್ಲಿ ಆ ಗಟ್ಟಿ ಹೊರಮೈಯನ್ನು ಒಳಗಿಟ್ಟು, ನಾಜೂಕಾದುದನ್ನೆಲ್ಲ ಹೊರಗಿಟ್ಟು ಕೃಪೆಮಾಡಬೇಕು. ಅದಾಗದಿದ್ದರೆ ಖುದ್ದಾಗಿ ನಮ್ಮ ಮನೆಗೆ ಬಂದು, ಅದೇ ಸ್ಟೂಲಿನಿಂದ ಅದೇ ರಾಶಿಯ ಮೇಲೆ ಬಿದ್ದು, ಗುರುತು ಕಾಣದಿದ್ದರೆ ತಾವು ಬಿದ್ದೇ ಇಲ್ಲವೆಂದು ಬರೆದುಕೊಡಬೇಕು. ಎರಡೂ ಕಷ್ಟವೆನಿಸಿದರೆ, ಸ್ವಾಮಿ, ಆ ಡಿಸ್ಕನ್ನು ಬಿಚ್ಚಿಸಿ. ನನ್ನ ಮಗಳಿಗೆ ನಾಲ್ಕು ವರ್ಷ. ಅಪ್ಪನ ಸ್ಲೇಟನ್ನು ಓದಲು ಅವಳಿಗಿನ್ನೂ ಬರುವುದಿಲ್ಲ. ದಿನಾ ರಾತ್ರಿ ಕಥೆ ಹಾಕು ಎಂದು ನನ್ನ ಮುಂದೆ ಬಂದು ನಿಲ್ಲುತ್ತಾಳೆ.

ತಮ್ಮ ನಾಲ್ಕಡಿಯನ್ನು ನಂಬಿ ಕೆಟ್ಟರೂ ತಮ್ಮ ವಿಶ್ವಾಸಿಯೇ ಆಗಿರುವ,
ಹೊಲಿಗೆಯವಳು

ಮರೆತ ಮಾತು: ಇಷ್ಟು ಅಂದವಾಗಿ ಉಳಿದಿರುವ ಲ್ಯಾಪ್‌ಟಾಪನ್ನು ಷೋರೂಮಿನ ಗಾಜಿನ ಪೆಟ್ಟಿಗೆಯಲ್ಲಿ ಇಡಲು ಕೊಡುವಿರಾ ಎಂದು ತಮ್ಮ ಮಹಾಶಯರು ಕೇಳಿದ್ದಾರೆ. ಧಾರಾಳವಾಗಿ ಕೊಡುತ್ತೇನೆ, ಅದಕ್ಕೆ ಮೊದಲು ಅದು ನನ್ನ ಮಗಳನ್ನು ಅವಳಪ್ಪನ ದನಿಯಲ್ಲಿ ಒಂದೇ ಒಂದು ಸಲ ಕರೆಯಲಿ.