ಬದನೆಕಾಯಿಯನ್ನು ನಂಬದ ಅತ್ತೆ

ನನ್ನ ಸೋದರತ್ತೆ ದೇವರನ್ನು ನಂಬುತ್ತಿದ್ದರು. ನೆರೆಹೊರೆಯವರನ್ನೂ ಕಷ್ಟಪಟ್ಟು ನಂಬುತ್ತಿದ್ದರು. ಬದನೆಕಾಯಿಯನ್ನು ಮಾತ್ರ ನಂಬುತ್ತಿರಲಿಲ್ಲ! ಬದನೆಕಾಯಿಯೊಂದೇ ಏಕೆ, ಬೇಸಿಗೆಯಲ್ಲಿ ಹೊಳೆನರಸೀಪುರದ ನಮ್ಮ ಮನೆಯ ಹೊಸಿಲು ದಾಟಿದ ಯಾವ ಕಾಯಿಯೂ ಯಾವ ಹಣ್ಣೂ ಅವರ ವಿಚಾರಣೆಯಿಂದ ಪಾರಾದದ್ದನ್ನು ನಾನು ಕಾಣೆ.

ಎಲ್ಲವೂ ಎಂದಿನಂತೆ ಇದ್ದ ಆ ಕೊನೆಯ ದಿನವೂ ಹಾಗೆಯೇ ಆಯಿತು. ಹೊಳೆ ಬತ್ತಿ, ಮರಳಿನಲ್ಲಿ ಬೆಳೆದ ಬನಸ್ಪತ್ರೆ, ಎಂದರೆ ಕರಬೂಜದ ಹಣ್ಣು, ಬೀದಿಗೆ ಬರುವ ಕಾಲ. ಹಳೇಕೋಟೆ ಕಡೆಯವನೊಬ್ಬ ನಮ್ಮ ಜಗುಲಿಯ ಮೇಲೆ ಕುಕ್ಕೆ ಇಳಿಸಿದ. ಅತ್ತೆ ಒಂದು ಹಣ್ಣನ್ನು ಮೂಸಿದರು, ಬೆರಳಿನಿಂದ ತಟ್ಟಿದರು, ಆಮೇಲೆ ಅವನ ಮುಖ ನೋಡಿದರು.

"ಮೊದ್ಲು ನೀ ತಿನ್ಲಾ."

ಅವನು ಒಂದು ಹೋಳು ತಿಂದ. "ಇದು ಸರಿ. ಇನ್ನೊಂದು ಅಣ್ಣು?" ಎಂದರು ಅತ್ತೆ. ಅದನ್ನೂ ತಿಂದ. ಮೂರನೆಯದೂ ಆಯಿತು. ನಾಲ್ಕನೆಯದಕ್ಕೆ ಕತ್ತಿ ಕೊಡುವಾಗ ಅವನು ಕೈಮುಗಿದ.

"ಒಟ್ಟೆ ತುಂಬೋಯ್ತು ಕಣವ್ವ. ಇನ್ನು ನನ್ ಕೈಲಾಗಲ್ಲ."

ಅತ್ತೆ ಗೆದ್ದವರಂತೆ ನನ್ನ ಕಡೆ ತಿರುಗಿದರು. "ನೋಡ್ದೇನೆ? ಬೆಳೆದೋನೇ ಬ್ಯಾಡ ಅಂತಾನೆ! ಏನೋ ಐತೆ ಇದ್ರಲ್ಲಿ!"

ನನಗೆ ತಾಯಿಯ ನೆನಪಿಲ್ಲ. ಅಪ್ಪನ ಅಕ್ಕನಾದ ಈ ಅತ್ತೆಯೇ ನನ್ನನ್ನು ಸಾಕಿದವರು. ಹತ್ತು ವರ್ಷ ಅವರ ಅಡಿಗೆಮನೆಯಲ್ಲಿ ಕೈಯಾಡಿಸಿದ ನನಗೆ ಇದ್ದದ್ದು ಒಂದೇ ಆಸೆ. ನಾನು ಮಾಡಿದ್ದನ್ನು ಅವರು ಒಂದು ದಿನ, ಒಂದೇ ಒಂದು ದಿನ, ಅನುಮಾನಪಡದೆ ಉಣ್ಣಬೇಕು. ದೊಡ್ಡ ಆಸೆಯೇ? ಅತ್ತೆಯನ್ನು ಬಲ್ಲವರಿಗೆ ಗೊತ್ತು, ದೊಡ್ಡದೇ!

ಅಪ್ಪನ ಪಾಡು ಇನ್ನೂ ಕಷ್ಟ. ಸಂತೆಯಿಂದ ಅವರು ಹುಳುಕಿಲ್ಲದ ಬದನೆಕಾಯಿ ಆರಿಸಿ ತಂದರೆ ಅತ್ತೆಗೆ ಗಾಬರಿ. "ಒಂದು ಹುಳಾನೂ ಮುಟ್ಟಿಲ್ಲ ಅಂದ್ರೆ ಏನರ್ಥ? ಹುಳಕ್ಕೇ ಬ್ಯಾಡಾದ್ದು ನಮಗ್ಯಾಕೆ?" ಮುಂದಿನ ವಾರ ತೂತು ಬಿದ್ದದ್ದನ್ನು ತಂದರೆ, "ಹುಳ ತಿಂದಿದ್ದನ್ನ ತಂದಿದ್ದೀಯಲ್ಲ!"

ಅಪ್ಪ ಚೀಲ ಕೆಳಗೆ ಹಾಕಿ ಕೇಳಿದರು. "ಅಂಗಾರೆ ಎಂತಾದ್ದು ತರ್ಲಿ, ನೀನೇ ಯೋಳಕ್ಕ."

"ಹುಳ ಒಳಕ್ಕೆ ಓಗಿ, ಜೀವಂತ ಆಚೆ ಬಂದಿರ್ಬೇಕು. ಅಂತಾದ್ದು ತಾ!"

ಒಮ್ಮೆ ಚನ್ನರಾಯಪಟ್ಟಣಕ್ಕೆ ದೊಡ್ಡಪ್ಪನ ಮಗಳ ಮದುವೆಗೆ ಹೋದೆವು. ಗಂಡಿನ ಮನೆಯಲ್ಲೇ ಮದುವೆ. ಎಲೆಗೆ ಹಲಸಿನಕಾಯಿ ಪಲ್ಯ, ಮಾವಿನಕಾಯಿ ಚಿತ್ರಾನ್ನ ಬಿತ್ತು. ಪಂಕ್ತಿಯಲ್ಲಿ ಅತ್ತೆಯೇ ಹಿರಿಯರು, ಅವರು ಕೈ ಹಾಕದೆ ಬೇರೆ ಯಾರೂ ಹಾಕುವಂತಿಲ್ಲ. ಅತ್ತೆಯೋ, ಅಡಿಗೆಯವನು ಬಂದು ಪಕ್ಕದಲ್ಲಿ ಕೂತು ಮೊದಲ ತುತ್ತು ತಿನ್ನಲಿ ಎಂದು ಹಟ ಹಿಡಿದರು. ಅವನು ಒಲೆಯ ಮುಂದೆ ಬೆವರುತ್ತಿದ್ದ. ನಲವತ್ತು ಜನ ಎಲೆ ನೋಡುತ್ತಾ ಕೂತೆವು. ಅನ್ನ ಆರಿತು. ಗಂಡಿನ ತಂದೆ ನಗುನಗುತ್ತಾ ಬಂದು ಬಗ್ಗಿದರು.

"ಏನವ್ವಾ, ನಮ್ಮ ಮ್ಯಾಲೆ ನಂಬ್ಕೆ ಇಲ್ವಾ?"

"ಹುಡುಗೀನೇ ಕೊಟ್ಟಿದ್ದೀವಲ್ಲ ಸಾ! ಇದ್ದಿದ್ ನಂಬ್ಕೆಯೆಲ್ಲ ಅಲ್ಲಿಗೇ ಖರ್ಚಾಗೋಯ್ತು!"

ಅಡಿಗೆಯವನನ್ನು ಕರೆಸಲೇಬೇಕಾಯಿತು.

ಇಂಥವರ ಮುಂದೆ ನನ್ನ ಅಡಿಗೆ ಯಾವ ಲೆಕ್ಕ? ಯುದ್ಧದ ಕಾಲ, ಅಕ್ಕಿಗೆ ರೇಷನ್ನು, ಸೌದೆಯೂ ಸುಲಭವಾಗಿ ಸಿಗದು. ಅರಕಲಗೂಡು ಕಡೆಯಿಂದ ಹುಳಿಮಾವು ಬಂದರೆ ತುರಿದು, ಕಾಯಿ ಸಾಸಿವೆ ರುಬ್ಬಿ ಹಸಿಗೊಜ್ಜು ಮಾಡುತ್ತಿದ್ದೆ. ನೆನೆಸಿದ ಹೆಸರುಬೇಳೆಗೆ ಎಳೆಯ ಕ್ಯಾರೆಟ್ಟು ತುರಿದರೆ ಕೋಸಂಬರಿ. ಒಲೆ ಹಚ್ಚುವ ಮಾತೇ ಇಲ್ಲ, ಕಣ್ಣಿಗೆ ಹೊಗೆಯಿಲ್ಲ. ಅತ್ತೆಗೆ ಈ ಸುಲಭದ ಮೇಲೇ ಅನುಮಾನ! ಅಂಗೈ ಚಾಚಿ ಒಂದು ಚಿಟಿಕೆ ಹಾಕಿಸಿಕೊಂಡು, ಮೂಸಿ, ನೆಕ್ಕಿ, ನನ್ನನ್ನು ದಿಟ್ಟಿಸುತ್ತಿದ್ದರು.

"ಇಷ್ಟ್ ಬೇಗ ಆಯ್ತಾ? ಏನು ಬಿಟ್ಟೆ?"

"ಏನೂ ಬಿಟ್ಟಿಲ್ಲ ಅತ್ತೆ."

"ಕಳ್ಳೀರೂ ಇಂಗೇ ಅಂತಾರೆ!"

ಬನಸ್ಪತ್ರೆಯವನು ಕುಕ್ಕೆ ಹೊತ್ತು ಹೋದ ಮಾರನೆಯ ಬೆಳಿಗ್ಗೆ ಅತ್ತೆ ಹಾಸಿಗೆಯಿಂದ ಏಳಲಿಲ್ಲ. ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಹಾಸನದಿಂದ ಬಂದ ಡಾಕ್ಟರು ಲಕ್ವ ಎಂದರು. ಅಂಗೈ ಚಾಚುವುದು ನಿಂತಿತು. ನಾನೇ ತುತ್ತು ಮಾಡಿ ಬಾಯಿಗೆ ಇಡುತ್ತಿದ್ದೆ. ಆಗಲೂ ತುತ್ತು ತುಟಿಗೆ ಬರುವ ಮೊದಲು ಮೂಗು ಅರಳುತ್ತಿತ್ತು, ಕಣ್ಣು ನನ್ನನ್ನು ವಿಚಾರಿಸುತ್ತಿತ್ತು.

ಒಂದು ಮಧ್ಯಾಹ್ನ ಬಿಸಿಲು ತಡೆಯಲಾಗದೆ ಸೌತೆಕಾಯಿ ಮೊಸರುಬಜ್ಜಿ ಮಾಡಿದೆ. ಎಲ್ಲರೂ ಮಾಡುವಂತೆ ತೊಟ್ಟು ಕೊಯ್ದು, ಅದರಿಂದಲೇ ಕಾಯಿಯನ್ನು ನೊರೆ ಬರುವವರೆಗೆ ತಿಕ್ಕಿದೆ. ಆದರೆ ಒಳಗಿನಿಂದ ಅತ್ತೆ ಕೆಮ್ಮಿದ್ದು ಕೇಳಿಸಿ, ತುಂಡೊಂದನ್ನು ಬಾಯಿಗೆ ಹಾಕಿ ನೋಡುವುದನ್ನು ಮರೆತು ತುರಿದುಬಿಟ್ಟೆ.

ಅಂದು ಅತ್ತೆ ಮೂಸಲಿಲ್ಲ. ನನ್ನನ್ನು ದಿಟ್ಟಿಸಲಿಲ್ಲ. ಒಂದೊಂದೇ ಚಮಚ ನುಂಗಿ ಬಟ್ಟಲು ಖಾಲಿ ಮಾಡಿದರು. ತೊದಲುತ್ತಾ ಹೇಳಿದರು.

"ಚೆಂದಾಗೈತೆ ಕಣವ್ವ."

ಹತ್ತು ವರ್ಷದ ಆಸೆ! ಹಿಗ್ಗಿ ಹೀರೇಕಾಯಿಯಾಗಿ ಅಡಿಗೆಮನೆಗೆ ಓಡಿದೆ, ಬಟ್ಟಲಿನ ಅಂಚಿನಲ್ಲಿ ಉಳಿದದ್ದನ್ನು ಬೆರಳಿನಲ್ಲಿ ತೆಗೆದು ನೆಕ್ಕಿದೆ. ಹಾಗಲಕಾಯಿಗೂ ನಾಚಿಕೆಯಾಗುವಷ್ಟು ಕಹಿ.

ಈಗ ಅನುಮಾನ ನನ್ನ ಪಾಲಿಗೆ ಬಂತು. ಕಾಯಿಲೆ ಅವರ ನಾಲಿಗೆಯ ರುಚಿಯನ್ನೂ ತೆಗೆದುಕೊಂಡು ಹೋಗಿರಬೇಕು ಎಂದುಕೊಂಡೆ. ಸಂಜೆ ಅಪ್ಪ ಗಂಜಿ ಕಾಯಿಸಿ ಕುಡಿಸಲು ಕೂತರು. ಒಂದೇ ಗುಟುಕಿಗೆ ಅತ್ತೆ ಮುಖ ತಿರುಗಿಸಿದರು.

"ಉಪ್ಪು ಯೆಚ್ಚು."

ಅಪ್ಪ ತಾವೂ ಕುಡಿದು ನೋಡಿದರು. ನಿಜ, ಒಂದು ಹರಳು ಹೆಚ್ಚಾಗಿತ್ತು. ನಾನು ಬಾಗಿಲಲ್ಲಿ ನಿಂತಿದ್ದೆ. ಅತ್ತೆ ನನ್ನ ಕಡೆ ನೋಡಿದರು, ಬೇಗ ಕಣ್ಣು ಮುಚ್ಚಿಕೊಂಡರು. ಕಳ್ಳತನದಲ್ಲಿ ಸಿಕ್ಕಿಬಿದ್ದವರು ಹಾಗೆ ಕಣ್ಣು ಮುಚ್ಚುತ್ತಾರೆ.

ಆಮೇಲೆ ಹದಿನೈದು ದಿನವೂ ಅವರು ಇರಲಿಲ್ಲ. ಈಗ ನಾನು ಬಡಿಸಿದ್ದನ್ನು ಎಲ್ಲರೂ ಸುಮ್ಮನೆ ಉಂಡು ಏಳುತ್ತಾರೆ, ಚೆನ್ನಾಗಿದೆ ಎಂದೂ ಹೇಳುತ್ತಾರೆ. ಅತ್ತೆ ಇಲ್ಲ.