ಪಂಡಿತ ಹೊಗಳಿದ ವರ್ಷ

ಹೊಸ ಫುಟ್‌ಬಾಲ್ ಸೀಸನ್ ಹತ್ತಿರ ಬಂತೆಂದರೆ ಮುಂಬೈ ಹತ್ತಿರದ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮವರಿಗೆ ಅನುಮಾನದ ಕಾಯಿಲೆ ಮಳೆಯ ಜೊತೆಗೇ ಶುರುವಾಗುತ್ತಿತ್ತು. ವರ್ಷಕ್ಕೊಂದು ಫಜೀತಿ ತಪ್ಪಿದ್ದಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಾನು ಬಣ್ಣದ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕ್ಲರ್ಕ್. ನಮ್ಮ ಕಾರ್ಖಾನೆಯದೂ ಒಂದು ತಂಡ ಲೀಗ್ ಆಡುತ್ತಿತ್ತು. ಯಾರು ಗೆಲ್ಲುತ್ತಾರೆ, ಯಾರು ಮುಳುಗುತ್ತಾರೆ ಎಂದು ಠಾಣೆಯ ಸಂಜೆ ಪತ್ರಿಕೆಯಲ್ಲಿ ಒಬ್ಬ ಪಂಡಿತ ಮೊದಲೇ ಬರೆದುಬಿಡುತ್ತಿದ್ದ.

೧. ಕೊನೆಯ ಸ್ಥಾನ

ಒಂದು ವರ್ಷ ಪುಣ್ಯಾತ್ಮ ನಮಗೆ ಕೊನೆಯ ಸ್ಥಾನ ದಯಪಾಲಿಸಿದ. ಕ್ಯಾಂಟೀನ್ ನಡೆಸುತ್ತಿದ್ದ ಕುಂದಾಪುರದ ಭಟ್ಟರು ಕೆಂಡವಾದರು.

"ಇದು ಎದುರು ಕಾರ್ಖಾನೆಯವರ ಕಿತಾಪತಿ ಮಾರಾಯ್ರೆ. ಇವ ಅವರ ಕ್ಯಾಂಟೀನಲ್ಲಿ ಊಟ ಮಾಡಿದ್ದಾನೆ."

"ನೀವು ಕಂಡ್ರಾ?" ಎಂದೆ.

"ಕಾಣ್ಬೇಕಾ? ಅಲ್ಲಿ ಉಂಡು ಹೊಟ್ಟೆ ಕೆಟ್ಟವ ಮಾತ್ರ ಹೀಗೆ ಬರೀತ."

೨. ಕೊಡೆಯ ಕೆಳಗೆ

ಪಂಡಿತ ಆಟ ನೋಡುತ್ತಾನೋ ಇಲ್ಲವೋ ಪತ್ತೆ ಹಚ್ಚಲು ಭಟ್ಟರೇ ಮೈದಾನಕ್ಕೆ ಹೋಗಿ ಬಂದರು.

"ಬಂದಿದ್ದ. ಮಳೆ ಎದುರಿಂದ ಹೊಡೀತಿತ್ತಲ್ಲ, ಕೊಡೆ ಹಿಡಿದು ಮೈದಾನಕ್ಕೆ ಬೆನ್ನು ಹಾಕಿ ಕೂತಿದ್ದ. ಗೋಲ್ ಯಾರು ಹೊಡೆದದ್ದು ಅಂತ ನನ್ನನ್ನೇ ಕೇಳಿದ."

"ನೀವೇನಂದ್ರಿ?"

"ಇವ ಯಾಕೆ ಕೇಳ್ತಾ ಅಂತ ಡೌಟ್ ಬಂತು. ಉಲ್ಟಾ ಹೇಳಿದೆ."

ಆ ವರ್ಷ ನಾವು ಮೂರನೆಯವರಾದೆವು. ಅವನು ಬರೆದದ್ದರ ತದ್ವಿರುದ್ಧವೇ ಆಗುತ್ತದೆ ಎಂಬುದು ಕ್ಯಾಂಟೀನಿನ ಒಮ್ಮತದ ತೀರ್ಪು.

೩. ಹೊಗಳಿಕೆ

ಮರುವರ್ಷ ಪಂಡಿತ "ಇವರೇ ಚಾಂಪಿಯನ್" ಎಂದು ಬರೆದ. ಕ್ಯಾಂಟೀನಿನಲ್ಲಿ ಸೂತಕ!

ನಮ್ಮ ಗೋಲ್‌ಕೀಪರ್ ಬಿಜಾಪುರದ ಕಡೆಯ ಹುಡುಗ, ಟೆಂಪರರಿ ಲೋಡರ್. ತಂಡ ಕೆಳಗಿನ ಡಿವಿಷನ್ನಿಗೆ ಇಳಿದರೆ ತಂಡವೂ ಬಂದ್, ಅವನ ಕೆಲಸವೂ ಬಂದ್; ಉಳಿದರೆ ಅವನು ಪರ್ಮನೆಂಟ್ ಎಂದು ನಮ್ಮ ಮ್ಯಾನೇಜರ್ ಸಾಹೇಬರು ಹೇಳಿದ್ದರು. ಊರಿನಲ್ಲಿ ಹೆಣ್ಣಿನವರು, ನೌಕರಿ ಪರ್ಮನೆಂಟ್ ಆಗದೆ ಹೊಸ್ತಿಲು ತುಳಿಯಬೇಡಿ ಎಂದಿದ್ದರು.

"ಹೊಗಳಿ ನನ್ನ ಹೊಟ್ಟಿ ಮ್ಯಾಲ ಹೊಡದಾನ್ರೀ," ಎಂದ ಹುಡುಗ.

ಅವನಿಗೂ ಹೇಳದೆ ಭಟ್ಟರೂ ನಾನೂ ಲೋಕಲ್ ಹತ್ತಿ ಠಾಣೆಯ ಪತ್ರಿಕೆ ಕಚೇರಿಗೆ ಹೋದೆವು. ಭಟ್ಟರು ಕೈ ಮುಗಿದು, "ಸಾಬ್, ಹಮ್ ಡೂಬೇಂಗೆ ಐಸಾ ಲಿಖೋ," ನಾವು ಮುಳುಗುತ್ತೇವೆ ಅಂತ ಬರೆಯಿರಿ, ಎಂದರು.

ಪಂಡಿತ ಕನ್ನಡಕ ತೆಗೆದು ನಮ್ಮಿಬ್ಬರನ್ನೂ ನೋಡಿದ. "ಅಭೀ ಸೇ ಮಾಲೂಮ್? ಕ್ಯಾ ಸೆಟ್ಟಿಂಗ್ ಹೈ?" ಈಗಲೇ ಗೊತ್ತೇ, ಏನು ಒಳಒಪ್ಪಂದ ಎಂದು ಅವನ ಪ್ರಶ್ನೆ.

ಮರುದಿನ ಸಂಜೆ ಅಚ್ಚಾಗಿತ್ತು: ಈ ತಂಡದಲ್ಲಿ ಏನೋ ಒಳಸಂಚು ಇದೆ, ಗೋಲ್‌ಕೀಪರನ ಮೇಲೆ ಕಣ್ಣಿಡಿ.

ಭಟ್ಟರು ನಿಟ್ಟುಸಿರು ಬಿಟ್ಟರು. "ಅಂತೂ ಹೊಗಳಿಕೆ ಹೋಯ್ತಲ್ಲ."

೪. ಸಾಹೇಬರ ಕುರ್ಚಿ

ಸಾಹೇಬರೂ ಅದನ್ನು ಓದಿದರು. ಸೀಸನ್ ಉದ್ದಕ್ಕೂ ಏಳುಬೀಳಾಗಿ, ಕೊನೆಯ ಪಂದ್ಯ ಕನಿಷ್ಠ ಡ್ರಾ ಆದರೆ ಮಾತ್ರ ಉಳಿಯುತ್ತೇವೆ ಎಂಬಲ್ಲಿಗೆ ಬಂದಿತ್ತು. ಆ ದಿನ ಅವರು ನಮ್ಮ ಗೋಲಿನ ಹಿಂದೆಯೇ ಕುರ್ಚಿ ಹಾಕಿಸಿ ಕೂತರು. ಹಾಫ್‌ಟೈಮ್ ಆಗಿ ತಂಡಗಳು ಬದಿ ಬದಲಿಸಿದ ಮೇಲೆ ಕುರ್ಚಿಯನ್ನೂ ಈಚೆ ಗೋಲಿಗೆ ಹೊರಿಸಿಕೊಂಡು ಬಂದರು. ಮುಂದೆ ಚೆಂಡು, ಹಿಂದೆ ಸಾಹೇಬರು, ನಡುವೆ ಹುಡುಗ. ಅವನು ಯಾರನ್ನೂ ನಂಬಲಿಲ್ಲ. ನಮ್ಮ ಆಟಗಾರನೇ ಹಿಂದಕ್ಕೆ ಕೊಟ್ಟ ಚೆಂಡನ್ನೂ ಗುದ್ದಿ ಹೊರಗೆ ಹಾಕಿದ. ಒಂದು ಗೋಲೂ ಆಗಲಿಲ್ಲ. ಡ್ರಾ! ಭಟ್ಟರು ಅತ್ತೇಬಿಟ್ಟರು, ನಾನೂ ಅತ್ತೆ.

ಸಾಹೇಬರು ಮಾತು ಉಳಿಸಿಕೊಂಡರು. "ಇವನನ್ನು ದಾಟಿ ಏನೂ ಹೋಗುವುದಿಲ್ಲ," ಎಂದು ಹುಡುಗನನ್ನು ಪರ್ಮನೆಂಟ್ ಮಾಡಿ, ಹೊರಹೋಗುವವರ ಚೀಲ, ಊಟದ ಡಬ್ಬಿ ತಪಾಸಣೆ ಮಾಡುವ ಗೇಟಿನ ಕಾವಲಿಗೆ ಹಾಕಿದರು.

ಮೊದಲ ಸಂಜೆ ಶಿಫ್ಟ್ ಬಿಟ್ಟಾಗ ಅವನು ಮಿಕ್ಕವರನ್ನೆಲ್ಲ ಹೋಗಲು ಬಿಟ್ಟು ಭಟ್ಟರನ್ನೂ ನನ್ನನ್ನೂ ತಡೆದು ನಿಲ್ಲಿಸಿದ.

"ಏನಯ್ಯಾ, ನಮ್ಮ ಮೇಲೆ ಅನುಮಾನವೇ? ನಿನ್ನ ಒಳ್ಳೆಯದಕ್ಕೆಂದು ಠಾಣೆಯವರೆಗೆ ಹೋಗಿ ಬಂದವರು ನಾವು!" ಎಂದೆ.

"ಗೊತ್ತಾತ್ರೀ," ಎಂದ ಹುಡುಗ. "ಅದಕ್ಕ ನಿಮ್ಮ ಡಬ್ಬಿ ಮೊದಲ ತಗೀರಿ."