ನನ್ನ ಮೈದುನ ಬೇವಿನ ಮರ

ನನ್ನ ಅತ್ತೆಗೆ ಇಬ್ಬರು ಗಂಡುಮಕ್ಕಳು. ದೊಡ್ಡ ಮಗ ನನ್ನ ಗಂಡ, ಗೋಗಿಯ ಶಾಲೆಯಲ್ಲಿ ಮೇಷ್ಟ್ರು. ಚಿಕ್ಕ ಮಗ ಬೇವಿನ ಮರ!

ನೀವು ತಪ್ಪಾಗಿ ಓದಲಿಲ್ಲ. ಮರವೇ. ಗೋಗಿಯಿಂದ ಶಹಾಪುರಕ್ಕೆ ಹೋಗುವ ದಾರಿಯಲ್ಲಿ, ಕಾಲುವೆಯ ಏರಿಯ ಮೇಲೆ, ಸ್ವಲ್ಪ ಎಡಕ್ಕೆ ವಾಲಿಕೊಂಡು ನಿಂತಿದೆ. ಹಾಗೆ ವಾಲಿ ನಿಲ್ಲುವುದು ಅತ್ತೆಯ ತವರಿನ ಕಡೆಯವರ ಚಹರೆಯಂತೆ. ನಮ್ಮವರು ನೆಟ್ಟಗೆ ನಿಲ್ಲುತ್ತಾರೆ, ಆದ್ದರಿಂದ ಅವರು ಮಾವನ ಹಾಗೆ!

ಮದುವೆಯಾಗಿ ಗಂಡನ ಮನೆಗೆ ಹೊರಟ ದಿನವೇ ಮೈದುನನ ಪರಿಚಯವಾಯಿತು. ಕಾಲುವೆ ಬಂದ ಕೂಡಲೇ ಅತ್ತೆ ಟಂಟಂ ಆಟೋ ನಿಲ್ಲಿಸಿದರು.

"ಇಳಿ ಯವ್ವಾ. ನಿನ್ನ ಮೈದುನನ್ನ ಮಾತಾಡ್ಸು."

ನಾನು ಸೆರಗು ಸರಿಮಾಡಿಕೊಂಡು ಇಳಿದೆ. ಸುತ್ತ ನೋಡಿದೆ. ಮೈದುನ ಎನ್ನಿಸಿಕೊಳ್ಳುವ ವಯಸ್ಸಿನ ಯಾವ ಗಂಡಸೂ ಕಾಣಲಿಲ್ಲ. ಅತ್ತೆ ಮರದ ಬೊಡ್ಡೆಯ ಮೇಲೆ ಕೈಯಾಡಿಸುತ್ತಾ ನಿಂತಿದ್ದರು.

"ಏನಂತ ಮಾತಾಡ್ಸ್ಲಿ ಅತ್ತೀ?"

"ಏನಂತ ಅಂದ್ರ? ಮನುಷ್ಯಾರು ಎದುರಾದ್ರ ಏನಂತಾರ? ಊಟ ಆತೇನಪಾ ಅಂತ ಕೇಳು."

ಮೈತುಂಬಾ ಒಡವೆ, ತಲೆತುಂಬಾ ಹೂವು, ಪೆಟ್ಟಿಗೆಯಲ್ಲಿ ಪದವಿ ಪ್ರಮಾಣಪತ್ರ ಇಟ್ಟುಕೊಂಡ ಹೊಸ ಮದುಮಗಳು ಬೇವಿನ ಮರವನ್ನು ಊಟವಾಯಿತೇ ಎಂದು ಕೇಳಿದಳು. ಮರ ಉತ್ತರ ಕೊಡಲಿಲ್ಲ. "ಜರಾ ನಾಚಿಕಿ ಸ್ವಭಾವ ಅವಂದು, ಬ್ಯಾಸರ ಮಾಡ್ಕೋಬ್ಯಾಡ" ಎಂದು ಅತ್ತೆ ನನಗೇ ಸಮಾಧಾನ ಹೇಳಿದರು!

ಆಮೇಲೆ ಗಂಡನನ್ನು ವಿಚಾರಿಸಿದೆ. "ನನಗೇನು ಗೊತ್ತು? ಸಣ್ಣಾಂವ ಇದ್ದಾಗಿಂದ ಅದು ನನ್ನ ತಮ್ಮ. ದೀಪಾವಳಿಗೆ ಅವ್ವ ನನಗ ಅಂಗಿ ತಂದ್ರ ಅದಕ್ಕೊಂದು ಟವೆಲ್ ತರ್ತಿದ್ಳು" ಎಂದರು. ಯಾಕೆ ಎಂದು ಕೇಳಲಿಲ್ಲವೇ? ಕೇಳಿದರೆ "ತಮ್ಮ ಅಂದ್ರ ತಮ್ಮ, ಅದಕ್ಕೇನು ಯಾಕ?" ಎಂಬ ಉತ್ತರವಂತೆ. ಒಮ್ಮೆ ತಂತಿಗೆ ತಾಗುತ್ತದೆಂದು ಕರೆಂಟಿನವರು ಕೊಂಬೆ ಕಡಿಯಲು ಬಂದಾಗ ಅತ್ತೆ ಬುಡದಲ್ಲಿ ಕುಳಿತುಬಿಟ್ಟರು. "ನನ್ನ ಮಗನ ಕೈ ಕಡೀತೀರೇನು?" ಎಂದು ಅವರು ಗುಡುಗಿದ ರಭಸಕ್ಕೆ ಆ ಬಡಪಾಯಿಗಳು ಕೊಂಬೆ ಬಿಟ್ಟು ತಂತಿಯನ್ನೇ ಆಚೆ ಸರಿಸಿ ಹೋದರು. ಆಡು ಕುರಿ ಸಾಕಿ, ಕುರಿಗಳ ಜೊತೆ ಕೂಗಾಡಿಯೇ ಬೆಳೆದ ಗಂಟಲು ಅದು. ಅದರ ಮುಂದೆ ಇಲಾಖೆ ಯಾವ ಲೆಕ್ಕ!

ಇಂಥ ಅತ್ತೆಯ ಕೈಗೆ ನನ್ನ ಆರು ತಿಂಗಳ ಮಗಳನ್ನು ಕೊಟ್ಟು, ಹೆರಿಗೆ ರಜೆ ಮುಗಿಸಿ, ನಾನು ಯಾದಗಿರಿಯ ಕಚೇರಿಗೆ ವಾಪಸಾದೆ. ಗೋಗಿಯಿಂದ ಟಂಟಂ, ಶಹಾಪುರದಿಂದ ಬಸ್ಸು. ಬೆಳಿಗ್ಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಕೂಸಿಗೋ ನನ್ನ ಹಾಲೇ ಆಗಬೇಕು. ಡಬ್ಬಿಯ ಹಾಲು ಬಾಯಿಗಿಟ್ಟರೆ ಫೂ ಎಂದು ಅತ್ತೆಯ ಮುಖಕ್ಕೇ ಉಗುಳುತ್ತಿತ್ತು. ರಾಗಿ ಸರಿಯನ್ನಂತೂ ಕೆನ್ನೆಗೆ ಬಳಿದುಕೊಳ್ಳುವ ವಸ್ತು ಎಂದೇ ತಿಳಿದಿತ್ತು. ಹಾಗಾಗಿ ನಮ್ಮವರು ಹಾಲು ತೆಗೆಯುವ ಪುಟ್ಟ ಮಷಿನ್ನು ತರಿಸಿದರು. ಜೊತೆಗೆ ಬಾಟಲಿಗಳು, ಹಾಲು ತಣ್ಣಗಿರಲು ಬರ್ಫು ಇಡುವ ಚೀಲ.

ಅತ್ತೆ ಮಷಿನ್ನನ್ನು ತಿರುಗಿಸಿ ಮುರುಗಿಸಿ ನೋಡಿದರು. ಗುಂಡಿ ಒತ್ತಿದರು. ಅದು ಗುರ್ ಎಂದಿತು.

"ಇದು ಬೋರಿನ ಮೋಟರಿಂದು ಮರಿ ಏನು?"

ಅಷ್ಟಂದವರೇ ಅದಕ್ಕೆ ಕುಂಕುಮ ಹಚ್ಚಿ, ಕೈಮುಗಿದು ನನ್ನ ಕೈಗಿತ್ತರು. ಅವರ ಮನೆಗೆ ಯಾವ ಮರಿ ಬಂದರೂ ಮೊದಲು ಕುಂಕುಮವೇ.

ಮಷಿನ್ನೇನೋ ಬಂತು, ಅದನ್ನು ಇಟ್ಟುಕೊಂಡು ಕೂರುವುದೆಲ್ಲಿ? ನಮ್ಮ ಕಚೇರಿಯಲ್ಲಿ ಮೀಟಿಂಗಿಗೆ ಕೋಣೆ ಇದೆ, ಮುರಿದ ಕುರ್ಚಿಗಳಿಗೆ ಕೋಣೆ ಇದೆ. ಯಾವುದೋ ಚುನಾವಣೆಯಲ್ಲಿ ಉಳಿದ ಬಿದಿರು ಗಳುಗಳಿಗೂ ಒಂದು ಕೋಣೆ ಇದೆ. ಹೆಂಗಸರ ಪಾಯಖಾನೆಗೆ ಮಾತ್ರ ಚಿಲಕವಿಲ್ಲ. ರೆಕಾರ್ಡ್ ರೂಮಿನಲ್ಲಿ ಚಿಲಕವಿದೆ, ಆದರೆ ಅಲ್ಲಿ ಊಟದ ಹೊತ್ತಿಗೆ ನಮ್ಮ ಹಿರಿಯ ಗುಮಾಸ್ತರು ಕಡತಗಳ ಮೇಲೆ ತಲೆಯಿಟ್ಟು ಸರ್ಕಾರದ ಗುಟ್ಟು ಕಾಯುತ್ತಿರುತ್ತಾರೆ, ಗೊರಕೆ ಹೊಡೆಯುತ್ತಾ!

ಧೈರ್ಯ ಮಾಡಿ ಸಾಹೇಬರ ಹತ್ತಿರ ಹೋದೆ.

"ಸರ್, ದಿನಾ ಸ್ವಲ್ಪ ಹೊತ್ತು ಒಂದು ಕೋಣಿ ಬೇಕಾಗಿತ್ರಿ."

"ಯಾವ ಕೆಲಸಕ್ಕ?"

"ಕೂಸಿನ ಕೆಲಸಕ್ಕ ಸರ್."

"ಕೂಸಿನ್ನ ಕಚೇರಿಗಿ ತರಬ್ಯಾಡ್ರಿ ಅಮ್ಮಾರೇ."

"ಕೂಸು ಮನ್ಯಾಗ ಅದರಿ. ಹಾಲು ಇಲ್ಲಿ ಅದರಿ."

ಸಾಹೇಬರಿಗೆ ಅರ್ಥವಾಯಿತು. ಅರ್ಥವಾದದ್ದೇ ತಪ್ಪಾಯಿತು. ಕಿವಿಯ ತನಕ ಕೆಂಪಾಗಿ, ಮೇಜಿನ ಮೇಲಿದ್ದ ಕಡತವನ್ನು ತಲೆಕೆಳಗಾಗಿ ಹಿಡಿದು ಓದತೊಡಗಿದರು. "ನೋಡೋಣ್ರಿ, ನೋಡೋಣ್ರಿ" ಎಂದರು. ಸರ್ಕಾರಿ ಭಾಷೆಯಲ್ಲಿ ನೋಡೋಣ ಎಂದರೆ ಆ ಕಡೆ ನೋಡುವುದಿಲ್ಲ ಎಂದೇ ಅರ್ಥ.

ಕೊನೆಗೆ ನನಗೆ ಆಶ್ರಯ ಕೊಟ್ಟದ್ದು ಒಂದು ಜೀಪು. ಕಚೇರಿಯ ಹಿಂದೆ, ಎಷ್ಟೋ ವರ್ಷದಿಂದ ಹರಾಜಿಗೆ ಕಾದು ಕುಳಿತ ಗುಜರಿ ಜೀಪು. ಚಕ್ರ ಇರಲಿಲ್ಲ, ಎಂಜಿನ್ ಯಾರ ಮನೆ ಸೇರಿತ್ತೋ ದೇವರಿಗೇ ಗೊತ್ತು. ಆದರೆ ಬಾಗಿಲುಗಳಿದ್ದವು! ಹಳೇ ಚಾದರ ತಂದು ಕಿಟಕಿಗಳಿಗೆ ಸಿಕ್ಕಿಸಿದೆ. ಸೀಟಿನ ಸ್ಪ್ರಿಂಗು ಚುಚ್ಚುತ್ತಿತ್ತು, ಯಾದಗಿರಿಯ ಬಿಸಿಲಿಗೆ ತಗಡು ಹೆಂಚಿನಂತೆ ಕಾಯುತ್ತಿತ್ತು. ಆದರೂ ಬಾಟಲಿಯಲ್ಲಿ ಹಾಲು ಏರುವುದನ್ನು ನೋಡುತ್ತಾ ಕೂತರೆ ಸ್ವಂತ ಮನೆಯಲ್ಲಿ ಕೂತಷ್ಟು ಖುಷಿ.

ಆ ಖುಷಿಯ ಮೇಲೆ ಯಾರ ಕಣ್ಣು ಬಿತ್ತೋ! ಒಂದು ಮಧ್ಯಾಹ್ನ ನಮ್ಮ ವಾಚ್‌ಮನ್ ಜೀಪಿನ ಪಕ್ಕದಲ್ಲಿ ಹಾದುಹೋದ. ಒಳಗಿನಿಂದ ಗುರ್, ಗುರ್, ಗುರ್ ಸದ್ದು. ನಿಂತ, ಕಿವಿಗೊಟ್ಟ, ಮತ್ತೆ ಒಂದೇ ಓಟ.

"ಸಾಹೇಬ್ರ, ಜೀಪು ಚಾಲೂ ಆಗ್ಯಾದರೀ!"

ಇಡೀ ಕಚೇರಿ ಹಿತ್ತಲಿಗೆ ಬಂತು. ಹಿರಿಯ ಗುಮಾಸ್ತರು ನಿದ್ದೆ ಬಿಟ್ಟು ಬಂದರು ಎಂದರೆ ನೀವೇ ಊಹಿಸಿ! "ಎಂಜಿನ್ನೇ ಇಲ್ಲದ್ದು ಹ್ಯಾಂಗ ಚಾಲೂ ಆತೋ?" "ದೆವ್ವಗಿವ್ವ ಇರಬೇಕ್ರಿ." "ಚಾದರ ಸರಿಸಿ ನೋಡು." "ನೀನ ಸರಿಸು." ಹೊರಗೆ ಈ ಚರ್ಚೆ, ಒಳಗೆ ನಾನು ಒಂದು ಕೈಯಲ್ಲಿ ಸೆರಗು, ಒಂದು ಕೈಯಲ್ಲಿ ಬಾಟಲಿ ಹಿಡಿದು ದೇವರನ್ನು ನೆನೆಯುತ್ತಿದ್ದೆ. ಕಡೆಗೆ "ನಾನ್ರೀ ನಾನು! ಯಾರೂ ಹತ್ತಿರ ಬರಬ್ಯಾಡ್ರಿ!" ಎಂದು ಕೂಗಿದೆ. ದೆವ್ವ ಹೆಸರು ಹೇಳದೆ ಮಾತಾಡಿತೆಂದು ವಾಚ್‌ಮನ್ ಇನ್ನಷ್ಟು ದೂರ ಓಡಿದ.

ನಗಬೇಡಿ. ಅಂದಿನಿಂದ ಜೀಪಿನ ಕಡೆ ಹೋಗಲು ನನಗೆ ಮುಖವಿಲ್ಲದಾಯಿತು. ಎದೆ ಕಲ್ಲಾಗುತ್ತಿತ್ತು, ಜ್ವರ ಬರುತ್ತಿತ್ತು. ಚಿಲಕವಿಲ್ಲದ ಪಾಯಖಾನೆಯ ಬಾಗಿಲನ್ನು ಒಂದು ಕಾಲಿನಿಂದ ಒತ್ತಿ ಹಿಡಿದು, ಮಷಿನ್ನಿನ ಗೊಡವೆ ಬಿಟ್ಟು, ಕೈಯಿಂದಲೇ ಹಿಂಡಿ ಬೇಸಿನ್ನಿಗೆ ಚೆಲ್ಲಿ ಬರುತ್ತಿದ್ದೆ. ಮನೆಗೆ ಬರುವಾಗ ಬಾಟಲಿ ಖಾಲಿ. ದಿನದಿಂದ ದಿನಕ್ಕೆ ಹಾಲು ಕಡಿಮೆಯಾಯಿತು. ಮಗಳು ಅತ್ತು ಅತ್ತು ದನಿ ಹೋಗಿ ಮಲಗಿರುತ್ತಿದ್ದಳು. ಕೆಲಸ ಬಿಡಲೋ, ಹಾಲು ಬಿಡಿಸಲೋ ಎಂದು ಬಸ್ಸಿನಲ್ಲಿ ಕೂತು ಅಳುತ್ತಿದ್ದೆ.

ಅತ್ತೆ ಖಾಲಿ ಬಾಟಲಿ ಹಿಡಿದು ಕೇಳಿದರು. "ಹಾಲು ಎಲ್ಲಿ ಹೋತು?"

"ಜಾಗ ಇಲ್ಲತ್ತೀ. ಮೋರಿಗಿ ಚೆಲ್ಲಿ ಬರ್ತೀನಿ."

ಈಗ ಗುಡುಗುತ್ತಾರೆ ಎಂದುಕೊಂಡೆ. ತಾಯಿಯ ಹಾಲನ್ನು ತುಳಿಯುವ ಕಡೆ ಚೆಲ್ಲಬಾರದು, ಚೆಲ್ಲಲೇಬೇಕಾದರೆ ಗಿಡದ ಬುಡಕ್ಕೆ ಹಾಕಬೇಕು ಎಂಬುದು ನಮ್ಮ ಕಡೆಯ ಪದ್ಧತಿ. ಆದರೆ ಅತ್ತೆ ಗುಡುಗಲಿಲ್ಲ. ಸುಮ್ಮನೆ ಬಾಟಲಿಯನ್ನು ಸೆರಗಿನಿಂದ ಒರೆಸುತ್ತಾ ಕುಳಿತರು. ಅವರು ಸುಮ್ಮನಿದ್ದುದನ್ನು ನಾನು ನೋಡಿದ್ದೇ ಅಂದು. ಮರುದಿನ ಬೆಳಿಗ್ಗೆ ಮಗನಿಗೆ ಆಜ್ಞೆಯಾಯಿತು. "ಇವತ್ತು ಸಾಲಿಗಿ ರಜಾ ಹಾಕು. ಕೂಸಿನ್ನ ಹಿಡಕೊಂಡು ಕುಂದ್ರು."

ಅತ್ತೆ ಹೆಗಲಿಗೆ ಕರೇ ಕಂಬಳಿ ಹಾಕಿ, ಕುರಿ ಕಾಯುವ ಕೋಲು ಹಿಡಿದು ನನ್ನ ಜೊತೆ ಯಾದಗಿರಿಗೆ ಬಂದರು.

ಕುರಿದಡ್ಡಿಯಲ್ಲಿ ಮರಿ ಹಾಕಿದ ಕುರಿಗೆ ಒಂದು ಮೂಲೆ ಬೇರೆ ಮಾಡುತ್ತಾರೆ. ನಾಲ್ಕು ಗಳು ನಿಲ್ಲಿಸಿ ಕಂಬಳಿ ಇಳಿಬಿಟ್ಟರೆ ಆಯಿತು. ಕುರಿ ಬೆದರದೆ ಹಾಲು ಬಿಡುತ್ತದೆ. ಅತ್ತೆ ಕಚೇರಿಯ ಒಳಗೆ ಬಂದವರೇ ಸುತ್ತ ಕಣ್ಣಾಡಿಸಿದರು. ಚುನಾವಣೆಯ ಬಿದಿರು ಗಳುಗಳನ್ನು ಎಳೆದು ತಂದರು. ಎರಡು ಕಪಾಟುಗಳ ನಡುವೆ ಕಟ್ಟಿದರು, ಕಂಬಳಿ ಇಳಿಬಿಟ್ಟರು, ಒಳಗೆ ನನ್ನ ಕುರ್ಚಿ ನೂಕಿದರು. "ಹೋಗು ಒಳಗ" ಎಂದು ನನ್ನನ್ನೂ ನೂಕಿ, ಕೋಲು ಅಡ್ಡ ಹಿಡಿದು ಹೊರಗೆ ಚಕ್ಕಳಮಕ್ಕಳ ಹಾಕಿ ಕುಳಿತರು. ಕಡತ ಹಿಡಿದು ಯಾರು ಹತ್ತಿರ ಬಂದರೂ "ಹ್ಹೋ! ಹ್ಹೋಯ್!" ಎಂದು ಕುರಿ ತಿರುಗಿಸುವ ಕೂಗು. ಹಿರಿಯ ಗುಮಾಸ್ತರು ಎರಡು ಸಲ ತಿರುಗಿದರು!

ಗದ್ದಲಕ್ಕೆ ಸಾಹೇಬರೇ ಬಂದರು. ಕಂಬಳಿಯೊಳಗೆ ಕೂತ ನನಗೆ ಕೆಲಸ ಹೋಯಿತು ಅಂತಲೇ ಲೆಕ್ಕ.

"ಯಾರಮ್ಮಾ ನೀವು? ಇದೇನಿದು ಕಚೇರ್ಯಾಗ?"

"ಹಾಲು ಬಿಡಾಕಿ ಮುಂದ ನಿಂದರಬಾರದ್ರಿ ಸಾಹೇಬ್ರ. ಜರಾ ಆ ಕಡಿ ಸರೀರಿ."

"ಹಂಗಲ್ಲಮ್ಮಾ, ಇದು ಸರ್ಕಾರಿ ಜಾಗ..."

"ನಿಮ್ಮವ್ವ ನಿಮಗ ಎಲ್ಲಿ ಕುಂತು ಕುಡ್ಸಿದ್ಳರೀ?"

ಸಾಹೇಬರು ತಡವರಿಸಿದರು. "ಮನ್ಯಾಗ."

"ಪುಣ್ಯವಂತಿ. ಮನಿ ಇತ್ತು. ಈಕಿಗಿ ಹಗಲೆಲ್ಲ ಇದ ಮನಿ."

ನನ್ನ ಮಷಿನ್ನೊಂದೇ ಗುರ್ ಎನ್ನುತ್ತಿತ್ತು. ಆಮೇಲೆ ಸಾಹೇಬರ ಬೂಟಿನ ಸದ್ದು ಮೆಲ್ಲಗೆ ದೂರವಾಯಿತು. ಹೋಗುತ್ತಾ ಯಾರಿಗೋ ಹೇಳಿದರು. "ಆ ಕಂಬಳಿ ಹಂಗ ಇರ್ಲಿ. ಯಾರೂ ಮುಟ್ಟಬ್ಯಾಡ್ರಿ."

ಕಂಬಳಿ ಇಂದಿಗೂ ಅಲ್ಲೇ ಇದೆ. ತಪಾಸಣೆಗೆ ಬಂದ ಮೇಲಧಿಕಾರಿಯೊಬ್ಬರು ಅದನ್ನು ಸ್ಥಳೀಯ ಕರಕುಶಲ ವಸ್ತು ಎಂದು ಮೆಚ್ಚಿಕೊಂಡು ಹೋದರು! ಕಂಪ್ಯೂಟರಿನ ಹುಡುಗಿಗೆ ಈಚೆಗೆ ಹೆರಿಗೆಯಾಗಿದೆ. ಈಗ ಅವಳ ಸರದಿ.

ಅಂದು ಸಂಜೆ ತುಂಬಿದ ಬಾಟಲಿಯನ್ನು ಬರ್ಫಿನ ಚೀಲದಲ್ಲಿಟ್ಟುಕೊಂಡು ನಾವಿಬ್ಬರೂ ಹೊರಟೆವು. ಶಹಾಪುರ ದಾಟಿ ಕಾಲುವೆ ಬಂದಾಗ ಟಂಟಂನವನು ತಾನಾಗಿಯೇ ನಿಲ್ಲಿಸಿದ, ಅವನಿಗೆ ರೂಢಿ. ಅತ್ತೆ ಇಳಿದರು. "ಆ ಹಾಲಿನಾಗ ಒಂದು ಚೂರು ಕೊಡು" ಎಂದರು. ಬಾಟಲಿಯ ಮುಚ್ಚಳಕ್ಕೆ ಕೆಲವು ಹನಿ ಹಾಕಿಕೊಟ್ಟೆ. ಅದನ್ನು ಮರದ ಬುಡಕ್ಕೆ ಸುರಿದು ಅಲ್ಲೇ ಕುಳಿತರು.

"ಈ ಕಾಲುವಿ ತೋಡುವಾಗ ನಾ ಇಲ್ಲಿ ಮಣ್ಣು ಹೊರಾಕ ಬರ್ತಿದ್ದೆ. ನಿನ್ನ ಗಂಡ ಆಗ ಮೊಲಿ ಕೂಸು. ಮನ್ಯಾಗ ಬಿಟ್ಟು ಬರ್ತಿದ್ದೆ. ಹೊತ್ತು ಮುಳುಗೋ ತನಕ ಮೇಸ್ತ್ರಿ ಬಿಡ್ತಿದ್ದಿಲ್ಲ. ಕುಬ್ಸ ಎಲ್ಲ ತೊಯ್ದು, ಎದಿ ಒಡೀತಿತ್ತು. ಸುತ್ತ ಗಂಡಸ್ರು. ಈ ಏರಿ ಹಿಂದ ಬಂದು ಕುಂತು ಹಿಂಡತಿದ್ದೆ. ಇಲ್ಲೊಂದು ಮೊಳಕಾಲೆತ್ತರ ಬೇವಿನ ಸಸಿ ಇತ್ತು. ನೀನರ ಕುಡಿಯಪಾ ಅಂತ ಅದಕ್ಕ ಹಾಕ್ತಿದ್ದೆ."

"ಇದನ್ನ ಅವರಿಗಿ ಯಾಕ ಹೇಳಿಲ್ಲತ್ತೀ?"

"ಹ್ಯಾಂಗ ಹೇಳ್ಲಿ? ನಿನ್ನ ಪಾಲು ಗಿಡಕ್ಕ ಹಾಕಿದೆ ಅನ್ಲ್ಯಾ? ಆಂವ ಮನ್ಯಾಗ ಹಸ್ತು ಅಳ್ತಿದ್ದ." ಅತ್ತೆ ಮೂಗು ಒರೆಸಿಕೊಂಡರು. "ಅದಕ್ಕ ತಮ್ಮ ಅಂದೆ. ಗಿಡ ಕುಡೀತು ಅಂದ್ರ ಸಂಕಟ. ತಮ್ಮ ಕುಡದ ಅಂದ್ರ ಅಣ್ಣಗ ಏನು ಸಿಟ್ಟು?"

ನಾನು ಅತ್ತೆಯ ಪಕ್ಕದಲ್ಲೇ ಕುಳಿತು ಅತ್ತುಬಿಟ್ಟೆ. ಟಂಟಂನವನು ಹಾರ್ನ್ ಹೊಡೆಯಲಿಲ್ಲ. ಎದ್ದು ಹೊರಡುವಾಗ ಸೆರಗು ಸರಿಮಾಡಿಕೊಂಡು ಮರದ ಎದುರು ನಿಂತೆ. ಈ ಸಲ ಯಾರೂ ಹೇಳಿಕೊಡಲಿಲ್ಲ, ನಾನೇ ಕೇಳಿದೆ.

"ಊಟ ಆತೇನಪಾ?"